ಸೈಡ್ ಸ್ಟ್ಯಾಂಡ್ ಸ್ವಿಚ್ ನಾನೇ ರಿಪೇರಿ ಮಾಡಿಕೊಂಡಿದ್ದು

ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಕಡೆಯ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಗದ್ದೆಗೆ ಹೋಗಬೇಕೆಂದರೆ ಕಾಲುವೆ ದಂಡೆಯ ಮೇಲೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಬಂದರೆ ಎರೆ ಮಣ್ಣು ಹೇಗೆ ಹತ್ತಿಕೊಳ್ಳುತ್ತದೆ ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ಹಸಿ ಇದ್ದಾಗ ಅಂಟು, ಒಣಗಿದ ಮೇಲೆ ಕಲ್ಲು.

ಹೋದ ವರ್ಷ ಆಗಸ್ಟ್‌ನಲ್ಲಿ ನಾಟಿ ನಡೆದಿತ್ತು. ಬೆಳಗ್ಗೆ ಆಳುಗಳಿಗೆ ಬುತ್ತಿ ಕಟ್ಟಿಕೊಂಡು ಹೊರಟೆ. ನ್ಯೂಟ್ರಲ್‌ನಲ್ಲಿ ಬೈಕ್ ಸಲೀಸಾಗಿ ಸ್ಟಾರ್ಟ್ ಆಯಿತು. ಫಸ್ಟ್ ಗೇರ್ ಹಾಕಿದ ತಕ್ಷಣ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ, ಗೇರ್ ಹಾಕಿದೆ, ಮತ್ತೆ ಆಫ್. ಪೆಟ್ರೋಲ್ ಇತ್ತು, ಬ್ಯಾಟರಿಯೂ ಸರಿ ಇತ್ತು. ಮೀಟರ್ ಕಡೆ ನೋಡಿದರೆ ಸೈಡ್ ಸ್ಟ್ಯಾಂಡ್ ದೀಪ ಉರಿಯುತ್ತಿತ್ತು. ಸ್ಟ್ಯಾಂಡ್ ಮಾತ್ರ ಮೇಲೇ ಇತ್ತು. ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಇಂಜಿನ್ ಆಫ್ ಮಾಡುವ ಸ್ವಿಚ್ ಒಂದು ನನ್ನ ಬೈಕಿನಲ್ಲಿದೆ.

ಊರಿನ ಹತ್ತಿರದ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆ. ಅವನು ಬಗ್ಗಿ ನೋಡಿ, "ಆ ಸ್ವಿಚ್ ಕಿರಿಕಿರಿ ಯಾಕ್ರೀ ಅಣ್ಣಾ, ಎರಡು ವೈರ್ ಕಟ್ ಮಾಡಿ ಜೋಡಿಸಿಬಿಡ್ತೀನಿ, ಎರಡು ನಿಮಿಷದ ಕೆಲಸ" ಅಂದ. ಬೇಡ ಅಂದೆ. ಅದಕ್ಕೆ ಕಾರಣ ನನ್ನ ತಮ್ಮ.

ಅವನದು ಹಳೆಯ ಬೈಕು, ಅದರಲ್ಲಿ ಈ ಸ್ವಿಚ್ಚೇ ಇಲ್ಲ. ನಾಲ್ಕು ವರ್ಷದ ಹಿಂದೆ ಸ್ಟ್ಯಾಂಡ್ ತೆಗೆಯುವುದು ಮರೆತು ಹೊರಟಿದ್ದ. ನೇರ ದಾರಿಯಲ್ಲಿ ಏನೂ ಆಗಲಿಲ್ಲ. ಕಾಲುವೆ ಹತ್ತಿರ ಎಡಕ್ಕೆ ತಿರುಗುವಾಗ ಗಾಡಿ ಎಡಕ್ಕೆ ವಾಲಿತು, ಸ್ಟ್ಯಾಂಡ್ ನೆಲಕ್ಕೆ ತಾಗಿತು, ಹಿಂದಿನ ಗಾಲಿ ಎತ್ತಿ ಬಿಸಾಕಿತು. ಭುಜದ ಮುಂದಿನ ಎಲುಬು ಮುರಿದು ಎರಡು ತಿಂಗಳು ಮನೆಯಲ್ಲಿ ಕುಳಿತ. ನಮ್ಮ ಬೈಕುಗಳಲ್ಲಿ ಸ್ಟ್ಯಾಂಡ್ ಇರುವುದೇ ಎಡಕ್ಕೆ. ಅದಕ್ಕೇ ಎಡ ತಿರುವು ಅಷ್ಟು ಅಪಾಯ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಜಾರಿಯಾದ ಮೇಲೆ ಬಂದ ಹೊಸ ಬೈಕುಗಳಲ್ಲಿ ಈ ಸ್ವಿಚ್ ಜಾಸ್ತಿ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಸ್ಟಾರ್ಟೇ ಆಗುವುದಿಲ್ಲ. ಇನ್ನು ಕೆಲವು ನನ್ನದರ ಹಾಗೆ, ಗೇರ್ ಹಾಕಿದಾಗ ಆಫ್ ಆಗುತ್ತವೆ. ಅಷ್ಟು ಒಳ್ಳೆಯ ವಸ್ತುವನ್ನು ಕಟ್ ಮಾಡಿಸಲು ನನಗೆ ಮನಸ್ಸಾಗಲಿಲ್ಲ.

ಮನೆಗೆ ತಂದು ಡಬಲ್ ಸ್ಟ್ಯಾಂಡ್ ಹಾಕಿದೆ. ಕೆಳಗೆ ಕುಳಿತು ನೋಡಿದ ಮೇಲೆ ಗೊತ್ತಾಯಿತು: ಸ್ಟ್ಯಾಂಡ್ ಮೇಲೆ ಇದ್ದಂತೆ ಕಂಡರೂ ಪೂರ್ತಿ ಮೇಲೆ ಹೋಗಿರಲಿಲ್ಲ. ಒಂದು ಬೆರಳಿನಷ್ಟು ಕಡಿಮೆ. ಕಾಲಿನಿಂದ ಒತ್ತಿ ಹಿಡಿದರೆ ಮೀಟರಿನ ದೀಪ ಆರಿತು. ಸ್ಟ್ಯಾಂಡ್ ತಿರುಗುವ ಬೋಲ್ಟ್ ಸುತ್ತ ಮಣ್ಣು ಒಣಗಿ ಕೂತಿತ್ತು.

ನನ್ನ ಬೈಕಿನ ಸ್ವಿಚ್‌ನಲ್ಲಿ ಒಂದು ಸಣ್ಣ ಗುಂಡಿ ಇದೆ, ಅದರ ಮೇಲೆ ರಬ್ಬರ್ ಟೊಪ್ಪಿಗೆ. ಸ್ಟ್ಯಾಂಡ್ ತಿರುಗಿದಾಗ ಅದರ ಮೂಲೆ ಆ ಗುಂಡಿಯನ್ನು ಒತ್ತುತ್ತದೆ, ಬಿಡುತ್ತದೆ. ಅಷ್ಟೇ ಅದರ ಕೆಲಸ. ಬಿಸಿ ನೀರು ಹಾಕಿ ಮಣ್ಣು ನೆನೆಸಿದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಸೀಮೆಎಣ್ಣೆ, ಪೆಟ್ರೋಲ್ ಹಾಕಬೇಡಿ. ರಬ್ಬರ್ ಉಬ್ಬಿ ಹಾಳಾಗುತ್ತದೆ.

ಸ್ಪ್ರಿಂಗ್ ತೆಗೆಯುವುದೇ ಕಷ್ಟದ ಕೆಲಸ. ಇಕ್ಕಳದಿಂದ ಎಳೆದರೆ ಜಾರಿ ಮುಖಕ್ಕೆ ಬಡಿಯುತ್ತದೆ. ನಾನು ಮಾಡಿದ್ದು ಹೀಗೆ: ಸ್ಟ್ಯಾಂಡನ್ನು ಕೆಳಗೆ ಇಳಿಸಿದಾಗ ಸ್ಪ್ರಿಂಗ್ ಹಿಗ್ಗುತ್ತದಲ್ವಾ, ಆಗ ಸುರುಳಿಗಳ ನಡುವೆ ತೆಳುವಾದ ವಾಷರ್ ಒಂದೊಂದಾಗಿ ತೂರಿಸಿದೆ. ನಾಣ್ಯವಾದರೂ ನಡೆಯುತ್ತದೆ. ಆಮೇಲೆ ಸ್ಟ್ಯಾಂಡ್ ಮೇಲೆತ್ತಿದರೆ ಸ್ಪ್ರಿಂಗ್ ಹಿಗ್ಗಿಯೇ ಉಳಿದು ಕೈಯಲ್ಲೇ ಬಂತು. ಆದರೂ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬೋಲ್ಟ್ ಬಿಚ್ಚಿ, ಒರೆಸಿ, ಗ್ರೀಸ್ ಸವರಿ ಮತ್ತೆ ಕೂಡಿಸಿದೆ. ಬೋಲ್ಟ್ ಬಿಗಿ ಜಾಸ್ತಿ ಆದರೆ ಸ್ಟ್ಯಾಂಡ್ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ. ತಾನಾಗೇ ಟಪ್ ಅಂತ ಮೇಲೆ ಹೋಗುವಷ್ಟು ಸಡಿಲ ಬಿಟ್ಟು, ಹಿಂದಿನ ನಟ್ ಬಿಗಿ ಮಾಡಿದೆ.

ನಾಲ್ಕು ದಿನ ಚೆನ್ನಾಗಿ ಓಡಿತು. ಐದನೇ ದಿನ ಗಂಗಾವತಿ–ಸಿಂಧನೂರು ರಸ್ತೆಯಲ್ಲಿ, ಹಿಂದೆ ಭತ್ತದ ಲಾರಿ ಬರುತ್ತಿರುವಾಗ, ತಗ್ಗಿಗೆ ಗಾಲಿ ಬಿದ್ದು ಇಂಜಿನ್ ಒಂದು ಕ್ಷಣ ಸತ್ತು ಮತ್ತೆ ಬದುಕಿತು. ನನ್ನ ಎದೆ ನಡುಗಿತು. ಆ ಕ್ಷಣದಲ್ಲಿ ಮೆಕ್ಯಾನಿಕ್ ಹೇಳಿದ್ದೇ ಸರಿ ಅನ್ನಿಸಿದ್ದೂ ನಿಜ.

ಮರುದಿನ ಕಾರಟಗಿಯಲ್ಲಿ ಹೊಸ ಸ್ವಿಚ್ ಬೆಲೆ ಕೇಳಿದೆ, 650 ರೂಪಾಯಿ. ಕೊಳ್ಳುವ ಮೊದಲು, ವೈರ್ ಪರೀಕ್ಷೆ ಮಾಡುವ ಮಲ್ಟಿಮೀಟರ್ ಹಿಡಿದು ಕುಳಿತೆ. ಕೀ ಆಫ್ ಮಾಡಿ, ಸ್ವಿಚ್‌ನಿಂದ ಬರುವ ವೈರಿನ ಕನೆಕ್ಟರ್ ಬಿಚ್ಚಿದೆ. ಒಳಗೆ ಹಸಿರು ಕಿಲುಬು. ಗಾಡಿಗೆ ಅಂಟಿದ ರಾಡಿ ಹೋಗಲಿ ಅಂತ ಪ್ರೆಶರ್ ಪೈಪಿನಿಂದ ನೀರು ಹೊಡೆಸುತ್ತೇನೆ, ಆ ನೀರೇ ಅಲ್ಲಿ ನುಗ್ಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ (ವೈರ್ ಕೂಡುವ ಜಾಗ ಸ್ವಚ್ಛ ಮಾಡುವ ಸ್ಪ್ರೇ) ಹೊಡೆದು ಒಣಗಿಸಿದೆ. ಆಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಸ್ವಿಚ್ ಕಡೆಯ ಎರಡು ಪಿನ್ನಿಗೆ ಹಿಡಿದೆ. ನಡುವೆ ಎಲ್ಲೂ ಕಡಿದಿಲ್ಲದಿದ್ದರೆ ಅದು ಬೀಪ್ ಅನ್ನುತ್ತದೆ. ಸ್ಟ್ಯಾಂಡ್ ಮೇಲೆ ಇದ್ದಾಗ ಬೀಪ್ ಬಂತು, ಕೆಳಗೆ ಇಳಿಸಿದಾಗ ನಿಂತಿತು. ಅಂದರೆ ಸ್ವಿಚ್ ಸರಿ ಇದೆ.

ಇಲ್ಲಿಗೇ ನಿಲ್ಲಿಸಿದ್ದರೆ ದೋಷ ಸಿಗುತ್ತಿರಲಿಲ್ಲ. ಸ್ಟ್ಯಾಂಡ್ ಮೇಲಿಟ್ಟು, ತಮ್ಮನಿಗೆ ಮೀಟರ್ ಹಿಡಿಯಲು ಹೇಳಿ, ನಾನು ವೈರನ್ನು ಬೆರಳಿನಿಂದ ಗೇಣು ಗೇಣಿಗೆ ಬಗ್ಗಿಸುತ್ತಾ ಬಂದೆ. ಫುಟ್‌ರೆಸ್ಟ್ ಹತ್ತಿರ, ಪ್ಲಾಸ್ಟಿಕ್ ಟೈ ಬಿಗಿದ ಜಾಗದಲ್ಲಿ ಬೀಪ್ ಕಡಿಯಿತು. "ಅಣ್ಣಾ, ಅಲ್ಲೇ!" ಅಂದ ತಮ್ಮ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು. ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಎರಡು ಎಳೆ ಮಾತ್ರ ಉಳಿದಿದ್ದವು. ಟೈ ಬಿಗಿಯಾಗಿದ್ದರಿಂದ ಗಾಡಿ ಕುಲುಕಿದಾಗೆಲ್ಲ ಅದೇ ಜಾಗದಲ್ಲಿ ಬಾಗಿ ಬಾಗಿ ಕಡಿದಿತ್ತು.

ಕೆಟ್ಟ ಭಾಗ ಕತ್ತರಿಸಿ, ಅಷ್ಟೇ ದಪ್ಪದ ಬೇರೆ ವೈರ್ ಸೇರಿಸಿ ಬೆಸುಗೆ ಹಾಕಿದೆ. ಕಾಯಿಸಿದರೆ ಬಿಗಿಯಾಗುವ ಸ್ಲೀವ್ ಹಾಕಿದೆ. ಸುಮ್ನೆ ಇನ್ಸುಲೇಶನ್ ಟೇಪ್ ಸುತ್ತಿದರೆ ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ. ಟೈ ಈ ಸಲ ಸಡಿಲವಾಗಿ ಕಟ್ಟಿದೆ, ವೈರಿಗೆ ಸ್ವಲ್ಪ ಜೋಲು ಬಿಟ್ಟೆ. ಖರ್ಚು 90 ರೂಪಾಯಿ.

ಒಂದು ಎಚ್ಚರಿಕೆ. ನನ್ನದು ಎರಡು ವೈರಿನ ಸ್ವಿಚ್. ನಿಮ್ಮದಕ್ಕೆ ಮೂರು ವೈರ್ ಇದ್ದರೆ ಈ ಲೆಕ್ಕ ಹಾಗೇ ನಡೆಯುವುದಿಲ್ಲ. ಕೆಲವು ಗಾಡಿಗಳಲ್ಲಿ ಅಯಸ್ಕಾಂತದಿಂದ ಕೆಲಸ ಮಾಡುವ ಸೆನ್ಸರ್ ಇರುತ್ತದೆ, ಅದಕ್ಕೆ ಕರೆಂಟ್ ಬರುವ ವೈರ್ ಬೇರೆ ಇರುತ್ತದೆ. ಗೊತ್ತಿಲ್ಲದೆ ವೈರ್ ಜೋಡಿಸಿದರೆ ಫ್ಯೂಸ್ ಹೋಗಬಹುದು. ಮೊದಲು ಆ ಮಾಡೆಲ್‌ನ ವೈರಿಂಗ್ ನಕ್ಷೆ ನೋಡಿ.

ಎಲ್ಲ ಮುಗಿದ ಮೇಲೆ ಅಂಗಳದಲ್ಲೇ ಪರೀಕ್ಷೆ ಮಾಡಿದೆವು. ಡಬಲ್ ಸ್ಟ್ಯಾಂಡ್ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಹಿಡಿದೇ ಕುಳಿತೆ. ತಮ್ಮ ಸೈಡ್ ಸ್ಟ್ಯಾಂಡನ್ನು ಕೈಯಿಂದ ಕೆಳಗೆ ಎಳೆದ. ಇಂಜಿನ್ ಆಫ್. "ಇನ್ನೊಂದ್ ಸಲ ಅಣ್ಣಾ" ಅಂದ. ಮತ್ತೆ ಎಳೆದ, ಮತ್ತೆ ಆಫ್. ಅವತ್ತಿನಿಂದ ಗದ್ದೆಗೆ ಅವನು ನನ್ನ ಬೈಕನ್ನೇ ಒಯ್ಯುತ್ತಾನೆ.