ಒಂದೇ ಹಂತ ಎದ್ದು ಕಾಣುವಂತೆ ನಕ್ಷೆ ಮುದ್ರಿಸಲು

ಮಂಗಳೂರಿನ ಸೈಟಿಗೆ ಮಳೆಗಾಲದ ಮುನ್ನ ಮುಗಿಯಬೇಕಾದ ಅಡಿಪಾಯವಷ್ಟೇ ಎದ್ದು ಕಾಣುವ ನಕ್ಷೆ ಬೇಕಾದರೆ ದಯವಿಟ್ಟು ಫೈಲನ್ನು ನಕಲು ಮಾಡಬೇಡಿ. ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೊಕ್ಯಾಡ್‌ನ ಲೇಔಟ್‌ನಲ್ಲಿ (ಮುದ್ರಣದ ಹಾಳೆಯಲ್ಲಿ) ವ್ಯೂಪೋರ್ಟ್‌ನೊಳಗೆ, ಅಂದರೆ ಚಿತ್ರ ಕಾಣುವ ಚೌಕಟ್ಟಿನೊಳಗೆ ಡಬಲ್ ಕ್ಲಿಕ್ ಮಾಡಿ, ಲೇಯರ್ (ಚಿತ್ರದ ಪದರ) ಪಟ್ಟಿಯ ‘ವಿಪಿ ಕಲರ್’ ಕಾಲಮ್ಮಿನಲ್ಲಿ ಉಳಿದ ಹಂತಗಳ ಲೇಯರ್‌ಗಳಿಗೆ 253ನೇ ಬಣ್ಣ ಕೊಡಿ. ಯಾವ ಬಣ್ಣ ಹೇಗೆ ಮುದ್ರಣವಾಗಬೇಕೆಂದು ಹೇಳುವ ‘ಮೊನೊಕ್ರೋಮ್.ಸಿಟಿಬಿ’ ಫೈಲಿನ ಒಂದು ನಕಲು ಮಾಡಿಕೊಂಡು, ಅದರಲ್ಲಿ 253ರ ಸ್ಕ್ರೀನಿಂಗ್ (ಮುದ್ರಣದ ಗಾಢತೆ) ಅನ್ನು ಶೇ. 40ಕ್ಕೆ ಇಳಿಸಿ. ಮೂಲ ಸಿಟಿಬಿಯನ್ನೇ ಬಳಸಿದರೆ ಎಲ್ಲವೂ ಕಪ್ಪಾಗಿಯೇ ಬರುತ್ತದೆ. ಈ ಬಣ್ಣ ಆ ವ್ಯೂಪೋರ್ಟ್‌ಗೆ ಮಾತ್ರ ಅನ್ವಯಿಸುವುದರಿಂದ ಮೂಲ ಚಿತ್ರ ಒಂದೇ ಇರುತ್ತದೆ, ಕೆಂಪುಕಲ್ಲಿನ ಗೋಡೆ ಅರ್ಧ ಅಡಿ ಸರಿದರೂ ಎಲ್ಲ ಹಾಳೆಗಳಲ್ಲಿ ಸರಿಯುತ್ತದೆ. ಹಂತಕ್ಕೊಂದು ಲೇಯರ್ ಇಲ್ಲದಿದ್ದರೆ ಈ ಉಪಾಯ ನಡೆಯದು; ಬಣ್ಣ ‘ಬೈಲೇಯರ್’ ಆಗಿರದ, ಅಂದರೆ ಲೇಯರ್‌ನ ಬಣ್ಣವನ್ನು ಅನುಸರಿಸದ ಗೆರೆಗಳೂ ಬದಲಾಗುವುದಿಲ್ಲ. ಸೈಟಿನಲ್ಲಿ ಜೆರಾಕ್ಸ್ ತೆಗೆಯುವವರಿದ್ದರೆ 40ಕ್ಕಿಂತ ಕೆಳಗಿಳಿಸಬೇಡಿ, ತೆಳು ಗೆರೆಗಳು ಮಾಯವಾಗುತ್ತವೆ.