ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣ ನಿಲ್ಲಿಸಿದ್ದು

ಬಿಳಿ ಟೀ ಶರ್ಟ್ ಮೇಲೆ ಡಿಜಿಟಲ್ ಪ್ರಿಂಟ್ ಹಾಕುವುದು ನನಗೆ ಒಂದೇ ದಿನದಲ್ಲಿ ಬಂತು. ಕಪ್ಪು ಟೀ ಶರ್ಟ್ ಕೈಗೆ ಒಗ್ಗಲು ಐದು ತಿಂಗಳು ಹಿಡಿಯಿತು.

ನನ್ನದು ಡಿಟಿಜಿ (ಡೈರೆಕ್ಟ್ ಟು ಗಾರ್ಮೆಂಟ್) ಪ್ರಿಂಟರ್, ಅಂದರೆ ಶಾಯಿ ನೇರ ಬಟ್ಟೆಯ ಮೇಲೇ ಬೀಳುತ್ತದೆ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಣ್ಣಕ್ಕೊಂದು ಸ್ಕ್ರೀನ್, ಅಂದರೆ ಶಾಯಿ ಸೋಸಿ ಇಳಿಸುವ ಜಾಲರಿ ಚೌಕಟ್ಟು, ಮಾಡಬೇಕು. ಒಂದೇ ಶರ್ಟ್ ಸಾಕು ಅನ್ನುವವರಿಗೆ ಅದು ಗಿಟ್ಟುವುದಿಲ್ಲ. ಇಲ್ಲಿ ಒಂದಾದರೂ ಸರಿ, ಅದರಲ್ಲಿ ಎಷ್ಟು ಬಣ್ಣ ಇದ್ದರೂ ಸರಿ.

ಬಿಳಿ ಬಟ್ಟೆಗೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಈ ನಾಲ್ಕು ಶಾಯಿಗಳೇ ಸಾಕು. ಕಪ್ಪು ಬಟ್ಟೆಯಲ್ಲಿ ಮೊದಲು ಬಿಳಿ ಶಾಯಿಯ ಪದರ ಬೀಳಬೇಕು, ಬಣ್ಣವೆಲ್ಲ ಅದರ ಮೇಲೆ. ಆ ಬಿಳಿ ಹತ್ತಿಯ ಎಳೆಗಳೊಳಗೆ ಇಳಿದುಹೋಯಿತೋ, ಮೇಲಿನ ಬಣ್ಣವೂ ಮಂಕಾಯಿತು. ಇಳಿಯದಂತೆ ತಡೆಯುವುದು ಮೊದಲೇ ಸಿಂಪಡಿಸುವ ಪ್ರೀಟ್ರೀಟ್‌ಮೆಂಟ್ ದ್ರಾವಣ. ಅದರಲ್ಲಿರುವ ಲವಣ ತಾಗಿದೊಡನೆ ಬಿಳಿ ಶಾಯಿ ಮಂದವಾಗಿ ಮೇಲೆಯೇ ಕೂರುತ್ತದೆ.

ಇದು ಗೊತ್ತಿದ್ದೂ ನಾನು ಸೋತದ್ದು ಇಲ್ಲೇ. ಸ್ಪ್ರೇ ಗನ್ ಹಿಡಿದು ಕಣ್ಣಂದಾಜಿನಲ್ಲಿ ಸಿಂಪಡಿಸುತ್ತಿದ್ದೆ. ಕಡಿಮೆ ಬಿದ್ದ ಕಡೆ ಬಿಳಿ ಬೂದುಬೂದಾಗಿ, ಎಳೆಗಳು ಎದ್ದು ಕಾಣುತ್ತಿದ್ದವು. ಹೆಚ್ಚು ಬಿದ್ದ ಕಡೆ ಬಟ್ಟೆ ರಟ್ಟಿನಂತಾಗಿ, ಚಿತ್ರದ ಸುತ್ತ ಹೊಳೆಯುವ ಚೌಕದ ಕಲೆ. ಎರಡು ತಿಂಗಳು ಪ್ರಿಂಟರಿನ ಸೆಟ್ಟಿಂಗನ್ನೇ ದೂರಿ, ಬಿಳಿ ಶಾಯಿಯನ್ನು ಹೆಚ್ಚಿಸುತ್ತಾ ಹೋದೆ. ಒಂದು ದಿನ ತಕ್ಕಡಿ ತಂದಿಟ್ಟೆ. ಒಣ ಶರ್ಟ್ ತೂಗಿ, ಸಿಂಪಡಿಸಿ, ಮತ್ತೆ ತೂಗಿದೆ. ಒಂದೇ ರೀತಿ ಸಿಂಪಡಿಸಿದ್ದೇನೆ ಎಂದುಕೊಂಡಿದ್ದ ನಾಲ್ಕು ಶರ್ಟ್‌ಗಳಲ್ಲಿ 11 ಗ್ರಾಂನಿಂದ 34 ಗ್ರಾಂವರೆಗೆ ವ್ಯತ್ಯಾಸ! ಅಂದಿನಿಂದ ತೂಗದೆ ಒಂದೂ ಹಾಕಿಲ್ಲ. ನಾನು ಬಳಸುವ ಬಟ್ಟೆಗೆ 14 ಇಂಚು ಅಗಲ, 16 ಇಂಚು ಉದ್ದದ ಜಾಗಕ್ಕೆ 20 ಗ್ರಾಂ ಆಸುಪಾಸು ಸರಿಹೋಗುತ್ತದೆ. ನಿಮ್ಮ ದ್ರಾವಣಕ್ಕೆ, ನಿಮ್ಮ ಬಟ್ಟೆಗೆ ಲೆಕ್ಕ ಬೇರೆಯೇ ಬಂದೀತು.

ಸಿಂಪಡಿಸಿದ ಮೇಲೆ ಹೀಟ್ ಪ್ರೆಸ್‌ನಲ್ಲಿ, ಅಂದರೆ ಬಿಸಿ ತಟ್ಟೆಯ ಯಂತ್ರದಲ್ಲಿ, ಒತ್ತಿ ಪೂರ್ತಿ ಒಣಗಿಸಬೇಕು. ಪ್ರೆಸ್ ಎತ್ತಿದಾಗ ಹಬೆ ಕಂಡರೆ ಇನ್ನೂ ಹಸಿ ಇದೆ ಎಂದೇ ಅರ್ಥ, ಮತ್ತೆ ಒತ್ತುತ್ತೇನೆ. ಇದರಿಂದ ಎದ್ದ ಎಳೆಗಳೂ ಮಲಗುತ್ತವೆ.

ಬಿಳಿ ಶಾಯಿಗೆ ಇನ್ನೊಂದು ಗುಣ. ಅದರ ಬಣ್ಣ ಟೈಟಾನಿಯಂ ಡೈಆಕ್ಸೈಡ್‌ನದು; ಭಾರವಾದ್ದರಿಂದ ಸುಮ್ಮನೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಒಮ್ಮೆ ಮೂರು ದಿನ ಕೋಣೆ ಮುಚ್ಚಿ ಹೋಗಿದ್ದೆ. ಬಂದು ನೋಡಿದರೆ ಬಿಳಿಯ ನಾಜಲ್‌ಗಳಲ್ಲಿ, ಅಂದರೆ ಶಾಯಿ ಚಿಮ್ಮುವ ಸಣ್ಣ ರಂಧ್ರಗಳಲ್ಲಿ, ಅರ್ಧಕ್ಕರ್ಧ ಕಟ್ಟಿಕೊಂಡಿದ್ದವು. ಈಗ ಕೆಲಸ ಇರಲಿ ಬಿಡಲಿ, ದಿನವೂ ಶಾಯಿ ಅಲುಗಾಡಿಸಿ, ಎಲ್ಲ ನಾಜಲ್ ತೆರೆದಿವೆಯೇ ಎಂದು ತೋರಿಸುವ ನಾಜಲ್ ಚೆಕ್ ಪ್ರಿಂಟ್ ತೆಗೆಯುತ್ತೇನೆ. ಗಾಳಿ ಒಣಗಿದ್ದರೂ ನಾಜಲ್ ಕಟ್ಟುತ್ತದೆ, ಹಾಗಾಗಿ ಕೋಣೆಯ ತೇವಾಂಶ ಶೇ 50ರ ಕೆಳಗೆ ಹೋಗಲು ಬಿಡುವುದಿಲ್ಲ.

ಡಿಸೈನ್ ವಿಷಯದಲ್ಲಿ ಜನ ಕಳಿಸುವುದು ಹೆಚ್ಚಾಗಿ ಫೋನಿನಿಂದ ಫೋನಿಗೆ ಹೋಗಿ ಸಣ್ಣದಾದ ಚಿತ್ರ. 10 ಇಂಚು ಅಗಲ ಮುದ್ರಿಸಲು ಇಂಚಿಗೆ 300ರಂತೆ 3000 ಪಿಕ್ಸೆಲ್ ಕೇಳುತ್ತೇನೆ. ಹಿನ್ನೆಲೆ ಪಾರದರ್ಶಕ ಇರಬೇಕು, ಆದರೆ ಅರೆಪಾರದರ್ಶಕ ನೆರಳು ಬೇಡ: ಪರದೆಯ ಮೇಲೆ ಚೆಂದ ಕಾಣುವ ಆ ನೆರಳಿನ ಕೆಳಗೂ ಬಿಳಿ ಬಿದ್ದು, ಕಪ್ಪು ಬಟ್ಟೆಯ ಮೇಲೆ ಮಸುಕು ಪ್ರಭೆಯಾಗುತ್ತದೆ. ಚಿತ್ರದಲ್ಲಿರುವ ಕಪ್ಪನ್ನು ತೆಗೆದೇಬಿಡುತ್ತೇನೆ, ಬಟ್ಟೆಯ ಕಪ್ಪೇ ಅಲ್ಲಿ ಕೆಲಸ ಮಾಡುತ್ತದೆ. ಬಿಳಿ ಪದರವನ್ನು ಅಂಚಿನಿಂದ ಎರಡು ಮೂರು ಪಿಕ್ಸೆಲ್ ಒಳಕ್ಕೆ ಎಳೆಯುತ್ತೇನೆ, ಇಲ್ಲದಿದ್ದರೆ ಬಿಳಿ ಗೆರೆ ಇಣುಕುತ್ತದೆ.

ಪಾಲಿಯೆಸ್ಟರ್ ತಂದವರಿಗೆ ಆಗುವುದಿಲ್ಲ ಎನ್ನುತ್ತೇನೆ. ನನ್ನ ಶಾಯಿ ಹತ್ತಿಗಾಗಿ ಮಾಡಿದ್ದು. ಕೆಂಪು ಪಾಲಿಯೆಸ್ಟರಿಗೆ ಒಮ್ಮೆ ಹಾಕಿದಾಗ ಬಿಸಿಗೆ ಬಟ್ಟೆಯ ಬಣ್ಣ ಮೇಲೇರಿ ಬಿಳಿ ಅಕ್ಷರಗಳು ಗುಲಾಬಿಯಾದವು.

ಮುದ್ರಿಸಿದ ಮೇಲೆ ಕೊನೆಗೆ ಶಾಯಿ ಗಟ್ಟಿಯಾಗಿ ಕೂರಲು ಹೀಟ್ ಪ್ರೆಸ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ಸೆಕೆಂಡು ಒತ್ತುತ್ತೇನೆ. ಬೇರೆ ಬಟ್ಟೆ ಬಂದಾಗಲೆಲ್ಲ ಮೊದಲ ಶರ್ಟ್ ಮಾರಾಟಕ್ಕಿಲ್ಲ. ಅದರ ಮೇಲೆ ದ್ರಾವಣವನ್ನು ಮೂರು ಪಟ್ಟೆಗಳಾಗಿ ಕಡಿಮೆ, ಮಧ್ಯಮ, ಹೆಚ್ಚು ಸಿಂಪಡಿಸಿ, ಒಂದೇ ಚಿತ್ರವನ್ನು ಮೂರು ಸಲ ಮುದ್ರಿಸಿ, ಒಳಮೈ ಹೊರಗೆ ಮಾಡಿ ಐದು ಸಲ ಒಗೆಯುತ್ತೇನೆ. ಯಾವ ಪಟ್ಟೆ ಬಿರುಕು ಬಿಡದೆ ಉಳಿಯಿತೋ ಅದರ ಗ್ರಾಂ ಲೆಕ್ಕವನ್ನು ಆ ಶರ್ಟಿನ ಕಾಲರಿಗೇ ಚೀಟಿ ಕಟ್ಟಿ ಕಪಾಟಿನಲ್ಲಿ ತೂಗುಹಾಕುತ್ತೇನೆ. ಈಗ ಅಲ್ಲಿ ಹತ್ತೊಂಬತ್ತು ಶರ್ಟ್‌ಗಳಿವೆ.