ಅಡಿಕೆ ಸಾಲಿನ ಬೀಮ್: ಟವರ್ ಇಲ್ಲದೆ ಕಾಂಟೆಸ್ಟ್ ಮಾಡಿದ ನನ್ನ ಅನುಭವ

ನಾನು ಹ್ಯಾಮ್ ರೇಡಿಯೋ ಹವ್ಯಾಸಿ. ಅಡಿಕೆ ಮರಕ್ಕೆ ತಂತಿ ಕಟ್ಟಿ ಬೀಮ್, ಅಂದರೆ ಒಂದೇ ದಿಕ್ಕಿಗೆ ಬಲ ಕೊಡುವ ಆಂಟೆನಾ ಮಾಡಿ, 15 ಮೀಟರ್ ಬ್ಯಾಂಡ್‌ನಲ್ಲಿ ಸಿಕ್ಯೂ ವರ್ಲ್ಡ್‌ವೈಡ್ (ಎರಡು ದಿನದಲ್ಲಿ ಪ್ರಪಂಚದ ಎಷ್ಟು ಸ್ಟೇಷನ್ ಸಿಗುತ್ತವೋ ಅಷ್ಟನ್ನೂ ಮಾತಾಡಿಸುವ ಕಾಂಟೆಸ್ಟ್) ಮಾಡ್ತೀನಿ ಅಂತ ಕ್ಲಬ್ ಮೀಟಿಂಗ್‌ನಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ಹಿರಿಯರೊಬ್ಬರು, ನನಗೆ ಮೋರ್ಸ್ ಕಲಿಸಿದವರು, ನೇರವಾಗಿಯೇ ಹೇಳಿದರು: "ಹಸಿ ಮರ ನಿನ್ನ ಸಿಗ್ನಲ್ ಕುಡಿದುಬಿಡುತ್ತೆ ಮಾರಾಯಾ. ಅದೂ ಅಲ್ಲದೆ, ತಿರುಗಿಸೋಕೆ ಆಗದ ಬೀಮ್ ಇಟ್ಕೊಂಡು ಏನು ಮಾಡ್ತೀಯ?" ಇದು 2022ರ ಮಾತು. ಆ ವರ್ಷ ಹಂಚಿನ ಮಾಡಿನ ಮೇಲಿದ್ದ ಡೈಪೋಲ್‌ನಲ್ಲಿ (ಒಂದೇ ತಂತಿಯ ಸಾದಾ ಆಂಟೆನಾ) ನನಗೆ ಎರಡು ದಿನಕ್ಕೆ ಸಿಕ್ಕಿದ್ದು 140 ಕ್ಯೂಎಸ್ಓ (ಇನ್ನೊಂದು ಸ್ಟೇಷನ್ ಜೊತೆಗಿನ ಸಂಪರ್ಕ) ಇರಬೇಕು. 2024ರಲ್ಲಿ ಅದೇ ರಿಗ್ (ರೇಡಿಯೋ ಸೆಟ್), ಅದೇ 100 ವ್ಯಾಟ್, ಲಾಗ್‌ನಲ್ಲಿ 780. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿರುಗಿಸುವ ಪ್ರಶ್ನೆಗೆ ಉತ್ತರ ಮಗಳ ಗ್ಲೋಬ್‌ನಲ್ಲಿ ಸಿಕ್ಕಿತು. ನಮ್ಮ ಮಲೆನಾಡಿನಿಂದ ಜರ್ಮನಿಗೆ ದಾರ ಎಳೆದು ನೋಡಿದೆ, ಸುಮಾರು 319 ಡಿಗ್ರಿ. ನ್ಯೂಯಾರ್ಕಿಗೆ ಎಳೆದೆ, 334. ಮಧ್ಯೆ ಇರುವುದು ಬರೀ 15 ಡಿಗ್ರಿ. ಎರಡು ಎಲಿಮೆಂಟಿನ, ಅಂದರೆ ಎರಡು ತಂತಿಯ ಬೀಮ್ ಹರಡುವ ಅಗಲವೇ 60 ಡಿಗ್ರಿಗಿಂತ ಜಾಸ್ತಿ. ಅಂದರೆ ವಾಯವ್ಯಕ್ಕೆ ಒಮ್ಮೆ ಮುಖ ಮಾಡಿ ಕಟ್ಟಿದರೆ ಯುರೋಪೂ ಬಂತು, ಅಮೆರಿಕದ ಪೂರ್ವ ಕರಾವಳಿಯೂ ಬಂತು. ಇನ್ನು ಆಂಟೆನಾ ತಿರುಗಿಸುವ ರೋಟರ್ ಯಾಕೆ? ಯುರೋಪ್‌ನವರಿಗೆ ರೋಟರ್ ಬೇಕು, ಅವರಿಗೆ ನಾಲ್ಕೂ ಕಡೆ ಜನ. ನಮಗೆ 3 ಪಾಯಿಂಟ್ ಕೊಡುವ ಬೇರೆ ಖಂಡದವರಲ್ಲಿ ಹೆಚ್ಚಿನವರು ಒಂದೇ ದಿಕ್ಕಿನಲ್ಲಿ ಕೂತಿದ್ದಾರೆ. ಜಪಾನ್ ಬೇರೆ ದಿಕ್ಕು ನಿಜ, ಆದರೆ ಏಷ್ಯಾದೊಳಗೇ ಆದ್ದರಿಂದ ಅದಕ್ಕೆ ಸಿಗುವುದು 1 ಪಾಯಿಂಟ್.

ಇನ್ನೊಂದು ವಿಷಯ ಹೊಳೆದದ್ದು ತೋಟದಲ್ಲಿ ನಿಂತಾಗ. ನಮ್ಮ ಅಜ್ಜ ಸಾಲಿನಿಂದ ಸಾಲಿಗೆ 9 ಅಡಿ ಬಿಟ್ಟು ಅಡಿಕೆ ನೆಟ್ಟಿದ್ದರು. 9 ಅಡಿ ಅಂದರೆ 2.7 ಮೀಟರ್. 15 ಮೀಟರ್ ಬ್ಯಾಂಡ್‌ನಲ್ಲಿ ಅದು 0.19 ವೇವ್‌ಲೆಂತ್ (ತರಂಗದ ಉದ್ದ). ಸಿಗ್ನಲ್ ಬಿಡುವ ಡ್ರಿವನ್ ಎಲಿಮೆಂಟ್, ಹಿಂದೆ ನಿಂತು ಅದನ್ನು ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್, ಇವೆರಡರ ನಡುವೆ ಇರಬೇಕಾದ ಅಂತರ ಹೆಚ್ಚುಕಮ್ಮಿ ಅದೇ ಅಲ್ವಾ! ಒಂದು ಸಾಲಿಗೆ ಡ್ರಿವನ್, ಹಿಂದಿನ ಸಾಲಿಗೆ ರಿಫ್ಲೆಕ್ಟರ್. ತೋಟವೇ ಬೂಮ್ (ಎಲಿಮೆಂಟ್‌ಗಳನ್ನು ಹಿಡಿಯುವ ದಂಡ). ಮರಗಳ ಎತ್ತರ 45ರಿಂದ 50 ಅಡಿ, ಅಂದರೆ ಪೂರ್ತಿ ಒಂದು ವೇವ್‌ಲೆಂತ್. ಸಾಲು ಹೋಗಿರುವುದು ಈಶಾನ್ಯದಿಂದ ನೈಋತ್ಯಕ್ಕೆ, ಹಾಗಾಗಿ ತಂತಿಯ ಮುಖ ತಾನಾಗಿ ವಾಯವ್ಯಕ್ಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2023ರಲ್ಲಿ ಕಟ್ಟಿದ ಮೊದಲ ಬೀಮ್ ಪೂರ್ತಿ ಕೆಟ್ಟಿತು. ಸಾಲಿನ ನಾಲ್ಕು ಮರ ದಾಟಿಸಿ ತಂತಿ ಎಳೆದಿದ್ದೆ. ನಡುವೆ ಇದ್ದ ಮೂರು ಮರದ ಸೋಗೆ ತಂತಿಗೆ ತಾಗುತ್ತಿತ್ತು. ಬಿಸಿಲಿದ್ದಾಗ ಎಸ್‌ಡಬ್ಲ್ಯುಆರ್ (ಆಂಟೆನಾ ರಿಗ್‌ಗೆ ಎಷ್ಟು ಹೊಂದಿದೆ ಅನ್ನುವ ಅಳತೆ, 1ಕ್ಕೆ ಹತ್ತಿರವಾದಷ್ಟು ಒಳ್ಳೆಯದು) 1.4, ಮಳೆ ಬಿದ್ದ ಕೂಡಲೇ 3 ದಾಟಿತು. ಈ ಮಟ್ಟಿಗೆ ಹಿರಿಯರ ಮಾತು ನಿಜ. ಎಲೆ ತಂತಿಯ ತುದಿಗೆ ತಾಗಿದರೆ ಆಟ ಮುಗಿಯಿತು. ಆದರೆ ಮರ ಎರಡು ಮೀಟರ್ ಆಚೆ ನಿಂತಿದ್ದರೆ ಅದು ಏನನ್ನೂ ಕುಡಿಯುವುದಿಲ್ಲ, ಇದು ನಾನು ಅಳೆದು ನೋಡಿದ ಮಾತು. ಮೂರನೇ ದಿನ ಗಾಳಿ ಬಂತು. ಎರಡೂ ತುದಿ ಬಿಗಿಯಾಗಿ ಕಟ್ಟಿದ್ದೆ, ಅಡಿಕೆ ಮರ ತುದಿಯಲ್ಲಿ ಐದಾರು ಅಡಿ ತೂಗುತ್ತದೆ, ತಂತಿ ಪಟ್ಟಂತ ತುಂಡಾಯಿತು. ಆ ವರ್ಷ ಮತ್ತೆ ಮಾಡಿನ ಡೈಪೋಲೇ ಗತಿ, 210 ಕ್ಯೂಎಸ್ಓ.

ಸರಿಯಾದ ಜಾಗ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ತೋಟದ ಮೇಲಿನ ತುದಿಯಲ್ಲಿ ಹಿಂದೊಮ್ಮೆ ಗಾಳಿಗೆ ಅಕ್ಕಪಕ್ಕದ ಎರಡು ಸಾಲಿನಲ್ಲಿ ಮೂರು ಮೂರು ಮರ ಬಿದ್ದಿದ್ದವು. ಅಲ್ಲಿ ನೆಟ್ಟ ಸಸಿಗಳು ಇನ್ನೂ ಹತ್ತು ಅಡಿ ಆಗಿಲ್ಲ. ಆ ಖಾಲಿಯ ಆಚೆ ಈಚೆ ನಾಲ್ಕು ದೊಡ್ಡ ಮರ, ನಡುವೆ 36 ಅಡಿ ಬಯಲು. ಡ್ರಿವನ್ ಎಲಿಮೆಂಟ್ 6.7 ಮೀಟರ್. ಎರಡೂ ಕಡೆ ಎರಡೆರಡು ಮೀಟರ್ ನೈಲಾನ್ ಹಗ್ಗ ಬಿಟ್ಟರೂ ಆರಾಮಾಗಿ ಕೂರುತ್ತದೆ. ಒಂದು ತುದಿ ಗಟ್ಟಿ, ಇನ್ನೊಂದು ತುದಿಗೆ ರಾಟೆ, ರಾಟೆಯಿಂದ ಇಳಿದ ಹಗ್ಗಕ್ಕೆ ಮರಳು ತುಂಬಿದ ಎಣ್ಣೆ ಕ್ಯಾನ್. ಮರ ಎಷ್ಟು ತೂಗಿದರೂ ಕ್ಯಾನ್ ಮೇಲೆ ಕೆಳಗೆ ಆಡುತ್ತದೆ, ತಂತಿ ಮಾತ್ರ ನೇರ ನಿಲ್ಲುತ್ತದೆ. ಮೊದಲು ಕಬ್ಬಿಣದ ರಾಟೆ ಹಾಕಿದ್ದೆ. ಕೊಳೆರೋಗಕ್ಕೆ ಹೊಡೆದ ಮೈಲುತುತ್ತ ಮಳೆಗಾಲದಲ್ಲಿ ಅದನ್ನು ತಿಂದುಹಾಕಿತು. ಈಗ ನೈಲಾನ್ ರಾಟೆ. ರಿಫ್ಲೆಕ್ಟರ್ ಎಷ್ಟು ಉದ್ದ ಇಟ್ಟಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಡ್ರಿವನ್‌ಗಿಂತ ಶೇಕಡಾ 5 ಉದ್ದ ಅನ್ನುವ ಪುಸ್ತಕದ ಲೆಕ್ಕಕ್ಕಿಂತ ಬೇರೆ ಇದೆ. ಇನ್ಸುಲೇಶನ್ ಇರುವ ಮನೆ ವೈರಿಂಗ್ ತಂತಿಗೆ ಆ ಲೆಕ್ಕ ಹೊಂದುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ನೀವೇ ಕತ್ತರಿಸಿ ನೋಡಿ.

ಮರ ಹತ್ತಿದವನು ಕೊನೆಗಾರ, ಅಡಿಕೆ ಗೊನೆ ಕೊಯ್ಯುವವನು. ಕೊಯ್ಲಿನ ಕಾಲ. ಅವನು ಹೇಗೂ ಬರುತ್ತಾನೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಮೇಲೆ ಹೋದ, ಕೊನೆ ಇಳಿಸುವ ನೇಣಿನಲ್ಲೇ ನನ್ನ ರಾಟೆಗಳನ್ನು ಎಳೆದುಕೊಂಡ. ಒಂದು ಜೊತೆ ಕಟ್ಟಿ, ಇಳಿಯದೆ ಮರದಿಂದ ಮರಕ್ಕೆ ದಾಟಿ ಹಿಂದಿನ ಸಾಲಿಗೆ ಹೋದ. ನಾಲ್ಕು ಮರಕ್ಕೆ ನಲವತ್ತು ನಿಮಿಷ ಹಿಡಿಯಿತೇನೋ. "ಇದನ್ನೂ ಮರದ ಲೆಕ್ಕದಲ್ಲೇ ಕೊಡಿ ಅಯ್ಯಾ" ಅಂದ. ಮರಕ್ಕೆ ನೂರರಂತೆ ಕೊಟ್ಟೆ. ಮರ ಬೆಳೆದರೂ ಸುತ್ತ ಬಿಗಿಯದ ಹಾಗೆ ಒಂದು ಗಂಟು ಹಾಕುತ್ತಾನೆ. ಅದು ಅವನ ಕಸುಬು, ನಾನು ಹೇಳಿಕೊಡುವಂಥದ್ದಲ್ಲ.

ಮನೆಯಿಂದ ಆ ಜಾಗಕ್ಕೆ 60 ಮೀಟರ್ ಹತ್ತಿರ. ಆರ್‌ಜಿ-58 ಕೇಬಲ್ ಎಳೆದರೆ ಸಿಗ್ನಲ್‌ನ 4 ಡಿಬಿ ದಾರಿಯಲ್ಲೇ ಹೋಗುತ್ತದೆ. ನೂರು ವ್ಯಾಟ್ ಕೊಟ್ಟು ನಲವತ್ತು ಪಡೆಯಲು ಇಷ್ಟೆಲ್ಲ ಯಾಕೆ? ಕಡಿಮೆ ನಷ್ಟದ ಆರ್‌ಜಿ-213ಕ್ಕೆ ಏಳೆಂಟು ಸಾವಿರ ಕೇಳಿದರು. ಆಗ ನೆನಪಾದದ್ದು ಊರಿನ ಕೇಬಲ್ ಟಿವಿಯವರು. ಅವರು ಫೈಬರ್‌ಗೆ ಹೋದ ಮೇಲೆ ಆರ್‌ಜಿ-11 ಸುರುಳಿಗಳು ಗೋದಾಮಿನಲ್ಲಿ ಸುಮ್ನೆ ಬಿದ್ದಿದ್ದವು. ಸಾವಿರದ ಐನೂರಕ್ಕೆ ಒಂದು ಸುರುಳಿ ಕೊಟ್ಟರು. ರಿಗ್‌ಗೆ ಬೇಕಾದದ್ದು 50 ಓಮ್, ಇದು 75 ಓಮ್ ಅಂತ ಮುಖ ಸಿಂಡರಿಸಬೇಡಿ. ಅರ್ಧ ವೇವ್‌ಲೆಂತ್‌ನ ಪಟ್ಟಿನಲ್ಲಿ ಕತ್ತರಿಸಿದರೆ ಆಚೆ ತುದಿಯ ಇಂಪೀಡೆನ್ಸೇ (ಓಮ್‌ನ ಲೆಕ್ಕ) ಈಚೆ ಕಾಣುತ್ತದೆ. ವೆಲಾಸಿಟಿ ಫ್ಯಾಕ್ಟರ್ (ಕೇಬಲ್‌ನೊಳಗೆ ತರಂಗದ ವೇಗ ಬೆಳಕಿನ ವೇಗದ ಎಷ್ಟು ಪಾಲು ಅನ್ನುವುದು) 0.84 ಹಿಡಿದರೆ ಒಂದು ಪಟ್ಟು 5.93 ಮೀಟರ್, ಹತ್ತು ಪಟ್ಟು 59.3. ಹತ್ತು ಪಟ್ಟು ಆದ್ದರಿಂದ ತಪ್ಪೂ ಹತ್ತು ಪಟ್ಟು, ಆ ಕಾರಣಕ್ಕೆ ಮೊದಲು ಜಾಸ್ತಿ ಬಿಟ್ಟು ನ್ಯಾನೋ ವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ಹಿಡಿದು ಗೇಣು ಗೇಣೇ ಕತ್ತರಿಸಿದೆ. ತೊಂದರೆ ಕೊಟ್ಟದ್ದು ಅದರ ಅಲ್ಯೂಮಿನಿಯಂ ಹೆಣಿಗೆ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಒತ್ತಿ ಕೂರಿಸಿದ ಮೊದಲ ಕನೆಕ್ಟರ್ ಒಂದು ಮಳೆಗೇ ಕೈಕೊಟ್ಟಿತು, ಎರಡನೆಯದರೊಳಗೆ ಕೆಂಪಿರುವೆ ಗೂಡು ಮಾಡಿತು. ಮೂರನೆಯದಕ್ಕೆ ತಾಮ್ರದ ಪಟ್ಟಿ ಸುತ್ತಿ, ಕ್ಲಿಪ್ ಹಾಕಿ, ಮೇಲೆ ಸೈಕಲ್ ಟ್ಯೂಬ್ ಬಿಗಿದಿದ್ದೇನೆ. ಅದು ಈವರೆಗೆ ಅಲುಗಿಲ್ಲ.

ಇಷ್ಟಾದರೂ ಕೇಳಿಸಿದ್ದು ಬರೀ ಟಕ್, ಟಕ್, ಟಕ್. ಸೆಕೆಂಡಿಗೊಂದು, ಎಸ್-7 ಮಟ್ಟದಲ್ಲಿ (ಎಸ್ ಅಂದರೆ ಸಿಗ್ನಲ್ ಬಲದ ಅಳತೆ, 9 ಅಂದರೆ ಬಹಳ ಜೋರು). ಹಂದಿ, ಕಾಟಿ ಬರದಿರಲಿ ಅಂತ ಪಕ್ಕದ ಗದ್ದೆಯವರು ಹಾಕಿದ ಸೋಲಾರ್ ಬೇಲಿ. ಭತ್ತ ತೆನೆ ಕಟ್ಟುವ ಹೊತ್ತು, ಬೇಲಿ ಬಂದ್ ಮಾಡಿ ಅಂತ ಕೇಳುವ ಹಾಗೇ ಇಲ್ಲ, ನಾನಾದರೂ ಮಾಡುತ್ತಿರಲಿಲ್ಲ. ಆದರೆ ಸರಿಯಾಗಿರುವ ಬೇಲಿ ಇಷ್ಟು ಸದ್ದು ಮಾಡುವುದಿಲ್ಲ, ಎಲ್ಲೋ ಕಿಡಿ ಹಾರುತ್ತಿರಬೇಕು ಅನ್ನಿಸಿತು. ಕ್ಲಬ್‌ನ ಹುಡುಗರಿಗೆ ಫೋನ್ ಮಾಡಿ, ಈ ಭಾನುವಾರದ ಫಾಕ್ಸ್ ಹಂಟ್ (ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟ) ನಮ್ಮ ಮನೆಯಲ್ಲಿ ಅಂದೆ. ಆರು ಜನ ಬಂದರು. ಫಾಕ್ಸ್ ಹಂಟಿಗೆ ಮಾಡಿಕೊಂಡ 2 ಮೀಟರ್ ಬ್ಯಾಂಡ್‌ನ ಬೀಮ್ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು ಅಮ್ಮನ ಹಳೇ ಮೀಡಿಯಂ ವೇವ್ ಪಾಕೆಟ್ ರೇಡಿಯೋ. ಅದರೊಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಕಡೆ ತಿರುಗಿದರೆ ಸದ್ದು ಇಳಿಯುತ್ತದೆ. ಎರಡು ಕಡೆ ನಿಂತು ದಿಕ್ಕು ಹಿಡಿದರೆ ಜಾಗ ಸಿಕ್ಕಿತು. ಕತ್ತಲಾದ ಮೇಲೆ ಹೋಗಿ ನೋಡಿದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತಿತ್ತು. ಮೂರು ಕಡೆ ಬಳ್ಳಿ ಹಬ್ಬಿ ತಂತಿಗೆ ತಾಗಿತ್ತು, ಒಂದು ಕಡೆ ಇನ್ಸುಲೇಟರ್ ಒಡೆದಿತ್ತು. ಬೇಲಿ ಬಂದ್ ಮಾಡಿಸಿ ಬಳ್ಳಿ ಸವರಿ, ನಲವತ್ತು ರೂಪಾಯಿಯ ಇನ್ಸುಲೇಟರ್ ಹಾಕಿದೆವು. ಸದ್ದು ಎಸ್-2ಕ್ಕೆ ಇಳಿಯಿತು. ಗದ್ದೆಯವರು, "ಆ ಮೂಲೆಯಲ್ಲೇ ತಮ್ಮಾ ಹಂದಿ ನುಗ್ತಿದ್ದದ್ದು" ಅಂದರು. ಈಗ ತಿಂಗಳಿಗೊಮ್ಮೆ ಅವರೇ ಬೇಲಿ ಬುಡ ಸವರಿಸುತ್ತಾರೆ. ಹೊಸಬರಿಗೆ ಫಾಕ್ಸ್ ಹಂಟ್ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬಂದ ಆರು ಜನರಲ್ಲಿ ಇಬ್ಬರು ಆಮೇಲೆ ಲೈಸನ್ಸ್ ಪರೀಕ್ಷೆಗೆ ಕೂತರು.

ನಡುವೆ ದೋಟಿಯ ಹುಚ್ಚೂ ಹಿಡಿದಿತ್ತು. ಔಷಧಿ ಹೊಡೆಯಲು, ಕೊನೆ ಇಳಿಸಲು ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ. 60 ಅಡಿ ಉದ್ದ, ಕೈಯಲ್ಲಿ ಎತ್ತುವಷ್ಟು ಹಗುರ. ಇದಕ್ಕಿಂತ ಒಳ್ಳೆ ಮಾಸ್ಟ್ (ಆಂಟೆನಾ ಕಂಬ) ಉಂಟೇ ಅಂತ ಅದರ ಉದ್ದಕ್ಕೂ ತಂತಿ ಬಿಟ್ಟು ವರ್ಟಿಕಲ್ ಆಂಟೆನಾ ಮಾಡಿದೆ. ಎಸ್‌ಡಬ್ಲ್ಯುಆರ್ 5ರ ಮೇಲೆ, ಏನು ಮಾಡಿದರೂ ಇಳಿಯಲಿಲ್ಲ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಕರೆಂಟ್ ಲೈನ್ ಹತ್ತಿರ ಅದನ್ನು ಎತ್ತಬೇಡಿ ಅಂತ ಎಲ್ಲರೂ ಹೇಳುವುದೂ ಇದಕ್ಕೇ. ಒಂದು ವಾರ ಹಾಳಾಯಿತು. ಕೊನೆಗೆ ಅದೇ ದೋಟಿಯನ್ನು 40 ಅಡಿಗೆ ನಿಲ್ಲಿಸಿ, ತುದಿಯಲ್ಲಿ ಒಂದು ಮೊಳ ಪಿವಿಸಿ ಪೈಪ್ ಸೇರಿಸಿ ಇನ್ವರ್ಟೆಡ್ ವಿ (ನಡುವೆ ಎತ್ತಿ ಎರಡೂ ತುದಿ ಇಳಿಬಿಟ್ಟ ಡೈಪೋಲ್) ಕಟ್ಟಿದೆ. ಅದು ಕೆಲಸ ಮಾಡಿತು. ಜಪಾನ್ ನಮಗೆ 56 ಡಿಗ್ರಿಯಲ್ಲಿದೆ, ಅಂದರೆ ಸರಿಯಾಗಿ ನನ್ನ ಬೀಮ್‌ನ ತಂತಿಯ ತುದಿಯ ಕಡೆ. ಅಲ್ಲಿ ಬೀಮ್ ಕಿವುಡು. ಬೆಳಗಿನ ಹೊತ್ತು ಈ ವಿ ಇಲ್ಲದಿದ್ದರೆ ಜಪಾನೇ ಇಲ್ಲ.

ಕಾಂಟೆಸ್ಟ್‌ಗೆ ಮೊದಲು ಸೆಪ್ಟೆಂಬರ್‌ನಲ್ಲಿ ಆಲ್ ಏಷ್ಯನ್ ಫೋನ್ ಅನ್ನುವ ಇನ್ನೊಂದು ಸ್ಪರ್ಧೆ ಬಂತು. ಅದನ್ನು ಕ್ಲಬ್‌ನವರೆಲ್ಲ ಸೇರಿ ನಮ್ಮ ಮನೆಯಿಂದ ಮಾಡಿದೆವು, ಬೀಮ್ ಪರೀಕ್ಷೆಯೂ ಆಗಲಿ ಅಂತ. ಅದರಲ್ಲಿ ಎಕ್ಸ್‌ಚೇಂಜ್ (ಪರಸ್ಪರ ಹೇಳಬೇಕಾದದ್ದು) ಅಂದರೆ ಸಿಗ್ನಲ್ ರಿಪೋರ್ಟ್ ಮತ್ತು ಆಪರೇಟರ್‌ನ ವಯಸ್ಸು. ಬೀಮ್ ಬೇಡ ಅಂದಿದ್ದ ಹಿರಿಯರೇ ಮೈಕ್ ಹಿಡಿದು "ಫೈವ್ ನೈನ್ ಸೆವೆನ್ ಎಯ್ಟ್" ಅಂತ ಗಟ್ಟಿ ದನಿಯಲ್ಲಿ ಕೊಡುತ್ತಿದ್ದರೆ ಅತ್ತಲಿಂದ ಒಬ್ಬೊಬ್ಬರೂ ಒಂದು ಗಳಿಗೆ ನಿಂತು ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಆ ಮಧ್ಯಾಹ್ನ ಅವರು ಮಾಡಿನ ಡೈಪೋಲ್‌ಗೂ ಬೀಮ್‌ಗೂ ಸ್ವಿಚ್ ತಿರುಗಿಸಿ ತಿರುಗಿಸಿ ಕೇಳಿದರು. ಇಟಲಿಯ ಸ್ಟೇಷನ್ನೊಂದು ಒಂದೂವರೆ ಎಸ್ ಯೂನಿಟ್ ಮೇಲೆ ಬಂತು. ಮತ್ತೆ ಅವರು ಟವರ್ ವಿಷಯ ಎತ್ತಲಿಲ್ಲ.

ಸಿಕ್ಯೂ ವರ್ಲ್ಡ್‌ವೈಡ್ 2024ರ ಅಕ್ಟೋಬರ್ 26, ಶನಿವಾರ ಬೆಳಗ್ಗೆ 5:30ಕ್ಕೆ ಶುರು. ನನ್ನ ವಿಭಾಗ ಸಿಂಗಲ್ ಬ್ಯಾಂಡ್ 15, ಲೋ ಪವರ್. ಕರೆಂಟ್ ನಂಬುವ ಹಾಗಿಲ್ಲ, ಇನ್ವರ್ಟರ್ ಹಾಕಿದರೆ ಅದರದೇ ಗಲಾಟೆ. ಹಾಗಾಗಿ ಇನ್ವರ್ಟರ್‌ನ 150 ಎಎಚ್ ಬ್ಯಾಟರಿಯನ್ನೇ ಬಿಚ್ಚಿ ರಿಗ್‌ಗೆ ಕೊಟ್ಟೆ, ರಾತ್ರಿ ಚಾರ್ಜ್. ಬೆಳಗ್ಗೆ ಎಂಟರವರೆಗೆ ಜಪಾನ್ ನಿಧಾನಕ್ಕೆ ಬಂತು. ಆಮೇಲೆ ಬೀಮ್‌ಗೆ ಬದಲಿಸಿದೆ. ಹನ್ನೊಂದರ ಮೇಲೆ ಯುರೋಪ್ ತೆರೆದುಕೊಂಡಿತು ನೋಡಿ, ಇಷ್ಟು ವರ್ಷ ಬೇರೆಯವರ ಪೈಲ್‌ಅಪ್‌ನಲ್ಲಿ (ಒಬ್ಬರನ್ನೇ ಹಲವರು ಒಟ್ಟಿಗೆ ಕರೆಯುವ ಗದ್ದಲ) ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನಿಗೆ ನನ್ನದೇ ಫ್ರೀಕ್ವೆನ್ಸಿಯಲ್ಲಿ ಪೈಲ್‌ಅಪ್! "ಫೈವ್ ನೈನ್ ಟ್ವೆಂಟಿ ಟು" ಅಂತ ಒಂದೇ ಸಮ (59 ಸಿಗ್ನಲ್ ರಿಪೋರ್ಟ್, 22 ನಮ್ಮ ಝೋನ್). ಗಂಟೆಗೆ ಅರವತ್ತು ದಾಟಿತು. ಕೈ ನಡುಗುತ್ತಿತ್ತು.

ಮಧ್ಯಾಹ್ನ ಒಂದರ ಹೊತ್ತಿಗೆ ಬ್ಯಾಂಡ್ ಒಮ್ಮೆಲೇ ಸತ್ತಿತು. ಮಂಗ ಕೇಬಲ್ ಕಿತ್ತಿರಬೇಕು ಅಂದುಕೊಂಡು ತೋಟಕ್ಕೆ ಓಡಿದೆ. ಎರಡೂ ತಂತಿ ಇಳಿಸಿ ನೋಡಿದೆ, ಎಲ್ಲ ಸರಿ ಇದೆ. ಮನೆಗೆ ಬಂದು ನೋಡಿದರೆ ಮಾಡಿನ ಡೈಪೋಲ್‌ನಲ್ಲೂ ಏನೂ ಇಲ್ಲ. ಸೂರ್ಯನಲ್ಲಿ ಫ್ಲೇರ್ (ಸ್ಫೋಟ). ಸೋಲಾರ್ ಸೈಕಲ್ 25 (ಸೂರ್ಯನ ಚಟುವಟಿಕೆ ಏರಿಳಿಯುವ ಚಕ್ರ) ಗರಿಷ್ಠ ಹಂತದಲ್ಲಿದೆ ಅಂತ ಅಮೆರಿಕದ ನಾಸಾ ಮತ್ತು ನೋವಾ ಸಂಸ್ಥೆಗಳು ಹೇಳಿ ಹನ್ನೊಂದೇ ದಿನ ಆಗಿತ್ತು. ಆ ಸೂರ್ಯನಿಂದಲೇ ಅಷ್ಟು ಕ್ಯೂಎಸ್ಓ ಬಂದದ್ದು, ಅದೇ ಸೂರ್ಯ ಮುಕ್ಕಾಲು ಗಂಟೆ ಕಿತ್ತುಕೊಂಡ. ಮೊದಲು ಇನ್ನೊಂದು ಆಂಟೆನಾ ಕೇಳಿ ನೋಡಿ, ಆಮೇಲೆ ಓಡಿ.

ಅಮೆರಿಕ ಬಂದದ್ದು ಸಂಜೆ. ಕತ್ತಲಾದ ಮೇಲೆ ಪೂರ್ವ ಕರಾವಳಿಯವರು ಧ್ರುವದ ಪಕ್ಕದಿಂದ ಬರುವಾಗ ದನಿ ಸ್ವಲ್ಪ ನಡುಗುತ್ತದೆ, ನೀರಿನೊಳಗಿಂದ ಮಾತಾಡಿದ ಹಾಗೆ. ಎರಡು ಸಂಜೆಗೆ ಅರವತ್ತರ ಆಸುಪಾಸು. ಡೈಪೋಲ್ ಕಾಲದಲ್ಲಿ ನನಗೆ ಐದು ಸಿಕ್ಕಿದ್ದರೆ ಹಬ್ಬ.

ಕೊನೆಯ ಲೆಕ್ಕ: 780 ಕ್ಯೂಎಸ್ಓ, ದೇಶ ಮತ್ತು ಝೋನ್ ಸೇರಿ 120ರಷ್ಟು ಮಲ್ಟಿಪ್ಲೈಯರ್ (ಪಾಯಿಂಟ್‌ಗೆ ಗುಣಿಸುವ ಸಂಖ್ಯೆ), ಸ್ಕೋರ್ ಎರಡೂವರೆ ಲಕ್ಷ. ಲಾಗ್ ಚೆಕ್ ಆದ ಮೇಲೆ ಒಂದಿಷ್ಟು ಕಡಿಮೆಯಾಯಿತು. ನಿದ್ದೆಗಣ್ಣಲ್ಲಿ ತಪ್ಪಾಗಿ ಬರೆದ ಕಾಲ್‌ಸೈನ್‌ಗಳು, ಭಾನುವಾರ ರಾತ್ರಿಯವೇ ಹೆಚ್ಚು.

ದುಡ್ಡು: ಕೇಬಲ್ 1500, ತಂತಿ ಮತ್ತು ಹಗ್ಗ 2200 ಇರಬಹುದು, ರಾಟೆ 600, ಕೊನೆಗಾರನಿಗೆ 400, ಕನೆಕ್ಟರ್, ಫೆರೈಟ್ ರಿಂಗ್, ಪೈಪು ಸೇರಿ 2500. ಹಾಳಾದ ಮೊದಲ ಬೀಮ್‌ಗೆ ಹೋದದ್ದು ಬೇರೆ ಮೂರು ಸಾವಿರ. ಹತ್ತು ಸಾವಿರದ ಒಳಗೆ ಹೊರಗೆ. ಟವರ್, ರೋಟರ್, ಟ್ರೈಬ್ಯಾಂಡರ್ ಅಂತ ಹೋಗಿದ್ದರೆ ಲಕ್ಷಗಳ ಮಾತು, ಮನೆಯಲ್ಲಿ ಒಪ್ಪಿಸಲೂ ಆಗುತ್ತಿರಲಿಲ್ಲ.

ಈಗ ಕಣ್ಣು 20 ಮೀಟರ್ ಮೇಲಿದೆ. ಅದಕ್ಕೆ 9 ಅಡಿ ಅಂದರೆ 0.13 ವೇವ್‌ಲೆಂತ್, ಹತ್ತಿರವಾಯಿತು, ಆದರೂ ನಡೆಯುತ್ತದೆ. ತಂತಿಗೆ 10 ಮೀಟರ್ ಬಯಲು ಬೇಕು, ಅಷ್ಟು ಖಾಲಿ ನಮ್ಮ ತೋಟದಲ್ಲಿಲ್ಲ. ಕೆಳಗಿನ ತೋಟದಲ್ಲಿ ಹಳ್ಳ ದಾಟುವ ಜಾಗ ಇದೆ. ಸಾಲಿನ ದಿಕ್ಕು ಮಾತ್ರ ಹತ್ತು ಡಿಗ್ರಿ ಉತ್ತರಕ್ಕೆ ಹೊರಳಿದೆ. ಕೊನೆಗಾರನಿಗೆ ಹೇಳಿಟ್ಟಿದ್ದೇನೆ, ಮೊದಲ ಕೊಯ್ಲಿಗೆ ಬಂದ ದಿನ ಅಲ್ಲಿನ ನಾಲ್ಕು ಮರ ನೋಡಿಬಿಡೋಣ ಅಂತ.